ಮುಂಬಯಿಯಲ್ಲಿ ಉಣ್ಣುವುದು, ಕುಡಿಯುವುದು, ಓಡಾಡುವುದು

ನನ್ನ ಅಕ್ಕನ ಮೊಮ್ಮಗಳಿಗೆ ಮುಂಬಯಿಯಲ್ಲಿ ಕೆಲಸ ದೊರೆತಿದೆ. ಕಳೆದ ವಾರ ಫೋನು ಮಾಡಿ, "ಅಜ್ಜ, ನೀವು ಮೂವತ್ತೆಂಟು ವರ್ಷ ಅಲ್ಲಿ ಇದ್ದವರಲ್ಲವೇ? ಎಲ್ಲಿ ಊಟ ಮಾಡಬೇಕು, ಹೇಗೆ ಓಡಾಡಬೇಕು ಎಂದು ಒಂದು ಪುಟ ಬರೆದು ಕಳಿಸಿ" ಎಂದಳು. ಬರೆಯಲು ಕುಳಿತವನಿಗೆ ಅದು ಒಂದು ಪುಟದಲ್ಲಿ ಮುಗಿಯುವ ವಿಷಯವಲ್ಲವೆಂದು ಬೇಗನೆ ಮನವರಿಕೆಯಾಯಿತು. ಹೋಟೆಲುಗಳ ಹೆಸರನ್ನೂ ರೈಲಿನ ವೇಳೆಯನ್ನೂ ಅವಳ ಫೋನೇ ಹೇಳುತ್ತದೆ. ಆದರೆ ಆ ಊರಿನಲ್ಲಿ ಉಣ್ಣುವ, ಕುಡಿಯುವ, ಓಡಾಡುವ ಒಂದೊಂದು ಕ್ರಮದ ಹಿಂದೆಯೂ ಹೊಟ್ಟೆಪಾಡಿಗಾಗಿ ಬಂದ ಯಾರದೋ ಅವಸರವಿದೆ, ಯಾರದೋ ದುಡಿಮೆಯಿದೆ. ಅದನ್ನು ಫೋನು ಹೇಳುವುದಿಲ್ಲ. ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಹೆಚ್ಚಿನವರು ಹಗಲೆಲ್ಲ ಆ ಊರಿಗೆ ಬಡಿಸಿ, ರಾತ್ರಿ ನನ್ನ ಮುಂದೆ ಪುಸ್ತಕ ತೆರೆದು ಕುಳಿತವರು. ಅವರಿಗೆ ಇದರಲ್ಲಿ ಹೊಸದೇನೂ ಇರಲಾರದು. ನಾನು ತಪ್ಪಿದಲ್ಲಿ ಅವರು ತಿದ್ದಲಿ.

ನಾನು ಆ ಊರನ್ನು ಮೊದಲು ಕಂಡದ್ದು 1963ರ ಜೂನ್ ತಿಂಗಳಿನಲ್ಲಿ. ಉಡುಪಿಯಿಂದ ಘಟ್ಟ ಹತ್ತಿ ಹುಬ್ಬಳ್ಳಿಯವರೆಗೆ ಬಸ್ಸು, ಅಲ್ಲಿಂದ ಪುಣೆಗೆ ಮೀಟರ್ ಗೇಜಿನ ರೈಲು, ಪುಣೆಯಲ್ಲಿ ಇಳಿದು ಮತ್ತೊಂದು ರೈಲು. ಕರಾವಳಿಯ ಉದ್ದಕ್ಕೂ ನೇರ ರೈಲು ಓಡಲು 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆಯುವ ತನಕ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ನನ್ನ ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ದಾದರಿನಲ್ಲಿ ಇಳಿದಾಗ ನಮ್ಮೂರಿನ ಹಿರಿಯರೊಬ್ಬರು ಕಾಯುತ್ತಿದ್ದರು. ಟ್ರಂಕು ಹಿಡಿದು ಸುತ್ತಲೂ ನೋಡುತ್ತ ನಿಂತ ನನಗೆ ಅವರು ಹೇಳಿದ ಮೊದಲ ಮಾತು: "ಮಾಸ್ಟ್ರೇ, ದಾರಿಗೆ ಅಡ್ಡ ನಿಲ್ಲಬೇಡಿ, ಬದಿಗೆ ಬನ್ನಿ." ಮುಂಬಯಿಯ ಬಗ್ಗೆ ನಾನು ಕೊಡಬಹುದಾದ ಮೊದಲ ಸಲಹೆಯೂ ಇದೇ.

ಊರಿನ ಆಕಾರವನ್ನು ಮೊದಲು ತಿಳಿದುಕೊಳ್ಳಬೇಕು. ಏಳು ದ್ವೀಪಗಳನ್ನು ಮಣ್ಣು ತುಂಬಿ ಜೋಡಿಸಿ ಮಾಡಿದ ಊರು ಅದು. ಉತ್ತರದಿಂದ ದಕ್ಷಿಣಕ್ಕೆ ಉದ್ದ, ಅಗಲ ಬಹಳ ಕಡಿಮೆ. ಕೋಟೆ, ಬಂದರು, ಬ್ಯಾಂಕು, ಕಚೇರಿಗಳೆಲ್ಲ ದಕ್ಷಿಣದ ತುದಿಯಲ್ಲಿ ಬೆಳೆದವು. ಜನ ಉತ್ತರಕ್ಕೆ ಸರಿಯುತ್ತ ಹೋದರು. ಆದ್ದರಿಂದ ಬೆಳಿಗ್ಗೆ ಊರಿಗೆ ಊರೇ ದಕ್ಷಿಣಕ್ಕೆ ಹರಿಯುತ್ತದೆ, ಸಂಜೆ ಉತ್ತರಕ್ಕೆ ಹರಿಯುತ್ತದೆ. ನೀನು ಇದಕ್ಕೆ ಎದುರಾಗಿ ಹೋಗುವ ಕೆಲಸ ಹಿಡಿದಿದ್ದರೆ ಕೂರಲು ಜಾಗ ಸಿಗುತ್ತದೆ, ಇಲ್ಲವಾದರೆ ಇಲ್ಲ.

ಇಂಡಿಯಾದ ಮೊದಲ ಪ್ರಯಾಣಿಕರ ರೈಲು 1853ರ ಏಪ್ರಿಲ್ 16ರಂದು ಬೋರಿಬಂದರಿನಿಂದ ಠಾಣೆಗೆ ಹೋಯಿತು. ಹದಿನಾಲ್ಕು ಡಬ್ಬಿ, ಎಳೆಯಲು ಮೂರು ಇಂಜಿನು, 34 ಕಿಲೋಮೀಟರು ದಾರಿ. ಇದನ್ನು ತರಗತಿಯಲ್ಲಿ ಪಾಠ ಮಾಡಿದ ಮರುದಿನ, "ಮುಂಬಯಿಯ ಮೊದಲ ರೈಲು ಯಾವಾಗ ಹೊರಟಿತು?" ಎಂದು ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಥಟ್ಟನೆ ಎದ್ದು, "ನಾಲ್ಕೂಕಾಲರ ಸುಮಾರಿಗೆ ಮಾಸ್ಟ್ರೇ, ಅದರಲ್ಲೇ ನಮ್ಮ ಹಾಲಿನವನು ಬರುವುದು" ಎಂದ. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ. ಅವನ ಉತ್ತರ ತಪ್ಪೆಂದು ಹೇಳುವ ಧೈರ್ಯ ಮಾತ್ರ ನನಗೆ ಅಂದು ಬರಲಿಲ್ಲ.

ಇಂದಿಗೂ ಆ ಊರಿನ ಬೆನ್ನೆಲುಬು ಲೋಕಲ್ ರೈಲೇ. ಚರ್ಚ್‌ಗೇಟಿನಿಂದ ಹೊರಡುವುದು ಪಶ್ಚಿಮ ಮಾರ್ಗ. ಹಿಂದೆ ವಿ.ಟಿ. ಎನ್ನುತ್ತಿದ್ದ, 1996ರಲ್ಲಿ ಛತ್ರಪತಿ ಶಿವಾಜಿಯವರ ಹೆಸರು ಪಡೆದ ನಿಲ್ದಾಣದಿಂದ ಕಲ್ಯಾಣದ ಕಡೆಗೆ ಮಧ್ಯ ಮಾರ್ಗ, ಪನ್ವೇಲಿನ ಕಡೆಗೆ ಹಾರ್ಬರ್ ಮಾರ್ಗ. ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಓಡಿದ್ದು ಈ ಹಾರ್ಬರ್ ಮಾರ್ಗದಲ್ಲೇ, ವಿ.ಟಿ.ಯಿಂದ ಕುರ್ಲಾಕ್ಕೆ. ಫಲಕದಲ್ಲಿ 'ಫಾಸ್ಟ್' ಎಂದಿದ್ದರೆ ಅದು ನಿನ್ನ ನಿಲ್ದಾಣದಲ್ಲಿ ನಿಲ್ಲುತ್ತದೆಯೋ ಇಲ್ಲವೋ ನೋಡಿ ಹತ್ತು. ಮೂವರ ಆಸನದಲ್ಲಿ ನಾಲ್ಕನೆಯವರಿಗೆ ಸರಿದು ಅರ್ಧ ಜಾಗ ಕೊಡುವುದು ಅಲ್ಲಿಯ ಬರೆಯದ ಕಾನೂನು. ಇದನ್ನು ಮೀರಿದವರನ್ನು ಊರು ಕ್ಷಮಿಸುವುದಿಲ್ಲ. ಇಳಿಯಬೇಕಾದ ನಿಲ್ದಾಣಕ್ಕೆ ಒಂದು ನಿಲ್ದಾಣ ಮೊದಲೇ ಎದ್ದು ಬಾಗಿಲ ಕಡೆಗೆ ಸರಿ. ಹೆಂಗಸರ ಡಬ್ಬಿ ಪ್ರತಿ ಗಾಡಿಗೂ ಇದೆ; ಪೂರ್ತಿ ಗಾಡಿಯೇ ಹೆಂಗಸರಿಗೆಂದು ಪಶ್ಚಿಮ ಮಾರ್ಗದಲ್ಲಿ 1992ರಲ್ಲಿ ಆರಂಭವಾಯಿತು. ಅದರಲ್ಲಿ ಸಂಜೆ ಮನೆಗೆ ಮರಳುವ ಹೆಂಗಸರು ಬಟಾಣಿ ಸುಲಿಯುತ್ತ, ಸೊಪ್ಪು ಬಿಡಿಸುತ್ತ ಕೂರುವುದನ್ನು ನನ್ನ ಪತ್ನಿ ಕಂಡು ಬಂದು ವರ್ಣಿಸುತ್ತಿದ್ದಳು. ಅಡುಗೆಯ ಅರ್ಧ ಕೆಲಸ ರೈಲಿನಲ್ಲೇ ಮುಗಿಯುತ್ತಿತ್ತು.

ಟ್ರಾಮನ್ನು ನಾನು ಒಂಬತ್ತು ತಿಂಗಳು ಮಾತ್ರ ಕಂಡೆ. 1874ರಲ್ಲಿ ಕುದುರೆಗಳು ಎಳೆಯುವ ಟ್ರಾಮು ಕೊಲಾಬಾದಿಂದ ಪಾಯಧುನಿಗೆ ಓಡಲಾರಂಭಿಸಿತು. 1907ರಲ್ಲಿ ವಿದ್ಯುತ್ ಟ್ರಾಮು ಬಂದಿತು. 1964ರ ಮಾರ್ಚ್ 31ರ ರಾತ್ರಿ ಬೋರಿಬಂದರಿನಿಂದ ದಾದರಿಗೆ ಕೊನೆಯ ಟ್ರಾಮು ಬಂದು ನಿಂತಿತು. ಅಂದು ರಸ್ತೆಯ ಇಕ್ಕೆಲಗಳಲ್ಲಿ ನಿಂತ ಜನರಲ್ಲಿ ನಾನೂ ಒಬ್ಬ. ಅಗ್ಗದ ಸವಾರಿಯಾದ್ದರಿಂದ ಹೋಟೆಲಿನ ಹುಡುಗರು ರಜೆಯ ಮಧ್ಯಾಹ್ನ ಏನೂ ಕೆಲಸವಿಲ್ಲದೆ ಟ್ರಾಮಿನಲ್ಲಿ ಕುಳಿತು ಈ ತುದಿಯಿಂದ ಆ ತುದಿಗೆ ಹೋಗಿ ಬರುತ್ತಿದ್ದರು. ಊರು ನೋಡಲು ಅವರಿಗಿದ್ದದ್ದು ಅದೊಂದೇ ಉಪಾಯ. ಟ್ರಾಮು ಹೋಗಿ ಅರುವತ್ತು ವರ್ಷ ಕಳೆದರೂ ಅದು ನಿಲ್ಲುತ್ತಿದ್ದ ಜಾಗವನ್ನು ಜನ ಇಂದಿಗೂ 'ದಾದರ್ ಟಿ.ಟಿ.' ಎಂದೇ ಕರೆಯುತ್ತಾರೆ. ಟಿ.ಟಿ. ಎಂದರೆ ಟ್ರಾಮ್ ಟರ್ಮಿನಸ್. ನಿನ್ನ ಟ್ಯಾಕ್ಸಿಯವನಿಗೆ ಇದರ ಅರ್ಥ ತಿಳಿಯದಿದ್ದರೂ ಸ್ಥಳ ತಿಳಿದಿರುತ್ತದೆ.

ಬಸ್ಸು 1926ರಲ್ಲಿ ಬಂದಿತು, ಎರಡು ಮಹಡಿಯ ಬಸ್ಸು 1937ರಲ್ಲಿ. ಹಳೆಯ ಮಾದರಿಯ ಎರಡು ಮಹಡಿಯ ಬಸ್ಸುಗಳು 2023ರ ಸೆಪ್ಟೆಂಬರಿನಲ್ಲಿಯೂ ಕಪ್ಪು ಹಳದಿಯ ಪ್ರೀಮಿಯರ್ ಪದ್ಮಿನಿ ಟ್ಯಾಕ್ಸಿಗಳು ಅದರ ಮರುತಿಂಗಳಲ್ಲಿಯೂ ರಸ್ತೆ ಬಿಟ್ಟವು. ಮೆಟ್ರೋ 2014ರಲ್ಲಿ ಘಾಟ್‌ಕೋಪರ್ ಮತ್ತು ವರ್ಸೋವಾ ನಡುವೆ ಮೊದಲಾಯಿತು. 2025ರಲ್ಲಿ ನೆಲದಡಿಯ ಮಾರ್ಗ ದಕ್ಷಿಣದ ಕಫ್ ಪರೇಡಿನವರೆಗೂ ತಲುಪಿತು. ಅದರಲ್ಲಿ ನಾನು ಕುಳಿತಿಲ್ಲ. ನೀನು ಕುಳಿತು ಬಂದು ನನಗೆ ಹೇಳಬೇಕು.

ಇನ್ನು ಕುಡಿಯುವ ಮಾತು. ಮೊದಲು ನೀರು. ಸುತ್ತಲೂ ಸಮುದ್ರವಿರುವ ಊರಿಗೆ ಸಿಹಿನೀರಿನದೇ ಕಷ್ಟ. ಬಾವಿ ಕೆರೆಗಳು ಸಾಲದೆ ಹೋದಾಗ 1860ರಲ್ಲಿ ವಿಹಾರ್ ಕೆರೆಯ ನೀರು ಕೊಳವೆಯಲ್ಲಿ ಬಂದಿತು. 1879ರಲ್ಲಿ ತುಳಸಿ, 1892ರಲ್ಲಿ ತಾನಸಾ, ಸ್ವಾತಂತ್ರ್ಯದ ಅನಂತರ ವೈತರಣಾ, ಭಾತಸಾ, ಕಡೆಗೆ 2014ರಲ್ಲಿ ಮಧ್ಯ ವೈತರಣಾ. ಹೀಗೆ ಏಳು ಜಲಾಶಯಗಳು ಊರಿಗೆ ನೀರುಣಿಸುತ್ತವೆ. ಹಳೆಯ ಪೇಟೆಗಳಲ್ಲಿ ನಡೆಯುವಾಗ ಕಲ್ಲಿನಲ್ಲಿ ಕೆತ್ತಿದ ಪುಟ್ಟ ಗುಡಿಯಂತಹ ಅರವಟ್ಟಿಗೆಗಳು ಕಾಣುತ್ತವೆ. ಅಲ್ಲಿಯವರು ಅವನ್ನು 'ಪ್ಯಾವ್' ಎನ್ನುತ್ತಾರೆ. ಸತ್ತವರ ನೆನಪಿಗೆಂದು ವರ್ತಕರು ಕಟ್ಟಿಸಿದ್ದು. ಮನುಷ್ಯರಿಗೆ ಮೇಲೆ ನಲ್ಲಿ, ಎತ್ತು ಕುದುರೆಗಳಿಗೆ ಕೆಳಗೆ ತೊಟ್ಟಿ. ಮಸ್ಜಿದ್ ಬಂದರಿನ ಬಳಿ 1876ರ ಕೇಶವಜಿ ನಾಯಕ್ ಕಾರಂಜಿ ಅಂಥದರಲ್ಲಿ ನೋಡತಕ್ಕದ್ದು.

ನೀರಿನ ಮಾತು ಬಂದಾಗ ನಾನು ತರಗತಿಯಲ್ಲಿ ಬಿಡದೆ ಹೇಳುತ್ತಿದ್ದ ಒಂದು ಸಂಗತಿಯನ್ನು ಇಲ್ಲಿಯೂ ಹೇಳಬೇಕು. ಡಾ. ಅಂಬೇಡ್ಕರರು 1918ರಲ್ಲಿ ಇದೇ ಊರಿನ ಸಿಡನ್‌ಹ್ಯಾಮ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾದಾಗ, ಅಧ್ಯಾಪಕರ ಕೋಣೆಯ ನೀರಿನ ಪಾತ್ರೆಯನ್ನು ಅವರು ಮುಟ್ಟುವುದಕ್ಕೆ ಸಹೋದ್ಯೋಗಿಗಳಲ್ಲಿ ಕೆಲವರು ಆಕ್ಷೇಪಿಸಿದರು. 1927ರ ಮಾರ್ಚಿನಲ್ಲಿ ಮಹಾಡಿನ ಚವದಾರ ಕೆರೆಗೆ ಇಳಿದು ನೀರು ಕುಡಿದವರೂ ಅವರೇ. ಮುಂದೆ ಅವರ ಅಧ್ಯಕ್ಷತೆಯ ಸಮಿತಿ ಸಿದ್ಧಪಡಿಸಿದ ಸಂವಿಧಾನದ 15ನೆಯ ವಿಧಿಯನ್ನು ತೆರೆದು ನೋಡಿ. ಅದರ ಎರಡನೆಯ ಖಂಡದಲ್ಲಿ ಅಂಗಡಿ, ಉಪಾಹಾರಗೃಹ, ಹೋಟೆಲು, ಬಾವಿ, ಕೆರೆ, ರಸ್ತೆ ಎಲ್ಲವೂ ಒಂದೇ ಸಾಲಿಗೆ ಬರುತ್ತವೆ. ಧರ್ಮ, ಜಾತಿ, ಲಿಂಗ, ಹುಟ್ಟಿದ ಸ್ಥಳದ ಕಾರಣದಿಂದ ಯಾರನ್ನೂ ಇವುಗಳಿಂದ ದೂರವಿಡುವಂತಿಲ್ಲ. ಉಣ್ಣುವುದು, ಕುಡಿಯುವುದು, ಓಡಾಡುವುದು ಎಂದು ನನ್ನ ಮೊಮ್ಮಗಳು ಕೇಳಿದ ಮೂರೂ ಅದರಲ್ಲಿವೆ. ಅಂಬೇಡ್ಕರರು ವಾಸವಿದ್ದ 'ರಾಜಗೃಹ' ದಾದರಿನ ಹಿಂದೂ ಕಾಲನಿಯಲ್ಲಿದೆ, ದಾದರ್ ಟಿ.ಟಿ.ಯಿಂದ ನಡೆದು ಹೋಗುವಷ್ಟೇ ದೂರ. ಆ ಸುತ್ತಿನ ಹೋಟೆಲುಗಳಿಂದ ನನ್ನ ಶಾಲೆಗೆ ಬರುತ್ತಿದ್ದ ಹುಡುಗರಿಗೆ ಆ ಮನೆಯನ್ನು ತೋರಿಸಿದ್ದೇನೆ. ಹೋಟೆಲಿಗೆ ಬಂದವರು ಯಾರೇ ಆಗಲಿ, ಏನನ್ನೂ ಕೇಳುವ ಮೊದಲೇ ಅವರ ಮುಂದೆ ನೀರಿನ ಲೋಟ ಇಡುವುದು ಆ ಹುಡುಗರಿಗೆ ಕಲಿಸಿದ ಮೊದಲ ಕೆಲಸವಾಗಿತ್ತು. ನಾಲ್ಕು ಲೋಟಗಳ ಒಳಗೆ ನಾಲ್ಕು ಬೆರಳು ಅದ್ದಿ ಒಂದೇ ಕೈಯಲ್ಲಿ ತರುತ್ತಿದ್ದರು ಎಂಬುದು ಬೇರೆ ಮಾತು. ಅದನ್ನು ಬಿಡಿಸಲು ನನ್ನ ಆರೋಗ್ಯಶಾಸ್ತ್ರದ ಪಾಠಗಳಿಂದ ಸಾಧ್ಯವಾಗಲಿಲ್ಲ.

ಚಹಾಕ್ಕೆ ಇರಾನಿಗಳ ಅಂಗಡಿಗೆ ಹೋಗು. ಹತ್ತೊಂಬತ್ತನೆಯ ಶತಮಾನದ ಕೊನೆಯಿಂದ ಇರಾನಿನ ಯಜ್ದ್, ಕೆರ್ಮಾನ್ ಕಡೆಗಳಿಂದ ಬಂದ ಜರತುಷ್ಟ್ರ ಮತದ ಬಡವರು ಇವನ್ನು ಕಟ್ಟಿದರು. ಮೂಲೆಯ ಜಾಗ ಅಶುಭವೆಂದು ಇಲ್ಲಿಯ ವ್ಯಾಪಾರಿಗಳು ಬಿಟ್ಟದ್ದನ್ನು ಇವರು ಹಿಡಿದರೆಂದು ಹೇಳುತ್ತಾರೆ. ಎರಡು ರಸ್ತೆಗೂ ತೆರೆದ ಬಾಗಿಲು, ಅಮೃತಶಿಲೆಯ ಮೇಜು, ಬಾಗಿಸಿದ ಮರದ ಕುರ್ಚಿ, ಬನ್ನು ಮಸ್ಕಾ, ಗಟ್ಟಿ ಹಾಲಿನ ಚಹಾ. ಒಂದು ಕಪ್ಪು ಚಹಾಕ್ಕೆ ಒಂದು ಗಂಟೆ ಕುಳಿತರೂ ಏಳಿಸುತ್ತಿರಲಿಲ್ಲ. ಬಾಡಿಗೆ ಏರಿದ ಊರಿನಲ್ಲಿ ಇಂತಹ ಉದಾರತೆ ಉಳಿಯುವುದು ಕಷ್ಟ. 1904ರ ಕಯಾನಿ, 1923ರ ಬ್ರಿಟಾನಿಯಾದಂತಹ ಕೆಲವೇ ಕೆಲವು ಉಳಿದುಕೊಂಡವು. ಬೀದಿಯಲ್ಲಿ ನಿಂತು ಕುಡಿಯುವುದಾದರೆ 'ಕಟಿಂಗ್' ಕೇಳು. ಅರ್ಧ ಲೋಟ ಚಹಾ. ಅರ್ಧವೇ ಏಕೆಂದರೆ, ಪೂರ್ತಿ ಕುಡಿಯಲು ಆ ಊರಿನಲ್ಲಿ ಯಾರಿಗೂ ಹೊತ್ತಿಲ್ಲ.

ನಮ್ಮವರ ಅನೇಕ ಹೋಟೆಲುಗಳ ಫಲಕದಲ್ಲಿ 'ಪರ್ಮಿಟ್ ರೂಂ' ಎಂಬ ಮಾತು ಕಂಡರೆ ಗಾಬರಿಯಾಗಬೇಡ. 1949ರ ಪಾನನಿರೋಧ ಕಾನೂನಿನಡಿ ಮದ್ಯ ಕುಡಿಯಲು ಸರಕಾರದ ಪರವಾನಗಿ ಚೀಟಿ ಬೇಕಾಗಿತ್ತು. 1960ರ ದಶಕದಲ್ಲಿ ನಿರ್ಬಂಧ ಸಡಿಲವಾದರೂ ಹೆಸರು ಉಳಿಯಿತು. ಕೆಳಗೆ ಇಡ್ಲಿ, ಮೇಲೆ ಬೀರು ಎಂಬ ಏರ್ಪಾಡಿನಿಂದ ಹಲವರು ಶ್ರೀಮಂತರಾದರು. ನನ್ನ ವಿದ್ಯಾರ್ಥಿಗಳೂ ಇದ್ದಾರೆ. ಅವರ ಮೇಲೆ ನನಗೆ ಕೋಪವಿಲ್ಲ, ಆದರೆ ಅವರು ಕರೆದಾಗ ಕೆಳಗಿನ ಮಹಡಿಯಲ್ಲೇ ಕುಳಿತು ಕಾಫಿ ಕುಡಿದು ಬಂದಿದ್ದೇನೆ.

ಊಟದ ಮಾತಿಗೆ ಬರುತ್ತೇನೆ. ಬೆಳಿಗ್ಗೆ ಆರಕ್ಕೇ ಮನೆ ಬಿಡುವ ಗುಮಾಸ್ತನಿಗೆ ಮಧ್ಯಾಹ್ನ ಮನೆಯ ಬಿಸಿ ಊಟ ಬೇಕು. ಈ ಬಿಕ್ಕಟ್ಟಿನಿಂದ ಹುಟ್ಟಿದವರು ಡಬ್ಬಾವಾಲರು. 1890ರಲ್ಲಿ ಮಹಾದೇವ ಹಾವಜಿ ಬಚ್ಚೆ ಎಂಬವರು ಇದನ್ನು ಆರಂಭಿಸಿದರು. ಪುಣೆಯ ಸುತ್ತಿನ ಮಾವಳ ಪ್ರಾಂತದ ರೈತಾಪಿ ಜನ, ಬಿಳಿ ಟೋಪಿ, ಡಬ್ಬಿಯ ಮುಚ್ಚಳದ ಮೇಲೆ ಬಣ್ಣದ ಗುರುತು. ಓದು ಬರದವರೂ ತಪ್ಪದೆ ತಲುಪಿಸುತ್ತಿದ್ದರು. ಲೋಕಲ್ ರೈಲು ಇಲ್ಲದಿದ್ದರೆ ಇದು ಸಾಧ್ಯವಿರಲಿಲ್ಲ. ಕೊರೋನಾ ಕಾಲದಲ್ಲಿ ರೈಲೂ ಕಚೇರಿಯೂ ನಿಂತಾಗ ಅವರಲ್ಲಿ ಅನೇಕರು ಊರಿಗೆ ಮರಳಿದರು.

ಹತ್ತಿಯ ಗಿರಣಿಗಳ ಪರೇಲ್, ಲಾಲ್‌ಬಾಗ್ ಕಡೆ ಕುಟುಂಬವನ್ನು ಹಳ್ಳಿಯಲ್ಲಿ ಬಿಟ್ಟು ಬಂದ ಕಾರ್ಮಿಕರಿಗೆ ಹೆಂಗಸರು ತಮ್ಮ ಒಂದೇ ಕೋಣೆಯ ಮನೆಯಲ್ಲಿ ಖಾನಾವಳಿ ನಡೆಸುತ್ತಿದ್ದರು. ತಿಂಗಳ ಲೆಕ್ಕದ ಊಟ. ಸಂಬಳ ತಡವಾದರೆ ಸಾಲ ಬಡ್ಡಿಯವನಲ್ಲಿಗೆ. ಇಂತಹ ಹೆಂಗಸರನ್ನು ಕೂಡಿಸಿ ಪ್ರೇಮಾ ಪುರವ್ ಅವರು 1975ರಲ್ಲಿ ಅನ್ನಪೂರ್ಣಾ ಮಹಿಳಾ ಮಂಡಲ ಕಟ್ಟಿದರು, ಬ್ಯಾಂಕಿನಿಂದ ಸಾಲ ಕೊಡಿಸಿದರು. 1982ರ ಜನವರಿ 18ರಂದು ಆರಂಭವಾದ ಮುಷ್ಕರದಲ್ಲಿ ಸುಮಾರು ಎರಡೂವರೆ ಲಕ್ಷ ಗಿರಣಿ ಕಾರ್ಮಿಕರು ಕೆಲಸ ನಿಲ್ಲಿಸಿದರು. ಗಿರಣಿಗಳು ಮತ್ತೆ ಮೊದಲಿನಂತಾಗಲೇ ಇಲ್ಲ. ಗಿರಣಿಯ ಜಾಗದಲ್ಲಿ ಎದ್ದ ಗಾಜಿನ ಕಟ್ಟಡಗಳಲ್ಲೊಂದರಲ್ಲಿ ನಿನ್ನ ಕಚೇರಿಯಿದೆ ಎಂದು ನೀನು ಹೇಳಿದೆ. ಅಲ್ಲಿ ಮಧ್ಯಾಹ್ನದ ಊಟಕ್ಕೆ ಕೆಳಗಿಳಿದಾಗ ಇದು ನೆನಪಿರಲಿ.

ನಮ್ಮವರ ಹೋಟೆಲುಗಳ ಕಥೆ ಬೇರೊಂದು ಊರಿನಿಂದ ಬರುತ್ತದೆ. ಉಡುಪಿಯ ಮಠಗಳ, ಕರಾವಳಿಯ ದೇವಸ್ಥಾನಗಳ ಅಡುಗೆಯಲ್ಲಿ ಪಳಗಿದ ಕೈಗಳು, ಗದ್ದೆಯಿಲ್ಲದ ಕಿರಿಯ ಮಕ್ಕಳು, ಪರೀಕ್ಷೆಯಲ್ಲಿ ನಪಾಸಾಗಿ ರಾತ್ರೋರಾತ್ರಿ ಮನೆ ಬಿಟ್ಟವರು. ಇತ್ತ ಮುಂಬಯಿಯಲ್ಲಿ 1896ರ ಪ್ಲೇಗಿನ ಬಳಿಕ ಇಕ್ಕಟ್ಟಾದ ಪೇಟೆಗಳನ್ನು ಸಡಿಲಿಸಲೆಂದು 1898ರಲ್ಲಿ ನಗರ ಸುಧಾರಣಾ ಟ್ರಸ್ಟು ರಚನೆಯಾಗಿ, ಅದು ದಾದರ್, ಮಾಟುಂಗ, ಸಾಯನ್ ಕಡೆ ಅಗಲ ರಸ್ತೆಯ ಬಡಾವಣೆಗಳನ್ನು ತೆರೆಯಿತು. ಇಂಗ್ಲಿಷು, ಟೈಪು ಕಲಿತ ದಕ್ಷಿಣದ ಗುಮಾಸ್ತರು ಅಲ್ಲಿ ಮನೆ ಹಿಡಿದರು. ಹಿಂದೆಯೇ ಅವರಿಗೆ ಅನ್ನ ಸಾರು ಬಡಿಸುವವರು ಬಂದರು. ಎ. ರಾಮ ನಾಯಕರು ಅಡುಗೆಮನೆಯ ಹುಡುಗನಾಗಿ ಮೊದಲು ಮಾಡಿ 1942ರಲ್ಲಿ ಮಾಟುಂಗ ರೈಲು ನಿಲ್ದಾಣದ ಬಳಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದರು. ಅದಕ್ಕೆ ಮೊದಲೇ, 1939ರಲ್ಲಿ, ರಾಮ ಆಶ್ರಯ ಅಲ್ಲಿಯೇ ಇತ್ತು. ಆರಂಭದ ಕಾಲದ ಹಲವು ಹೋಟೆಲುಗಳ ಹೆಸರಿನೊಂದಿಗೆ ಜಾತಿಯ ಹೆಸರೂ ಇರುತ್ತಿತ್ತು ಎಂಬುದನ್ನು ಮರೆಮಾಚಬಾರದು. ಆದರೆ ಟ್ರಾಮಿನಲ್ಲಿ ಭುಜಕ್ಕೆ ಭುಜ ತಾಗಿಸಿ ಬಂದವರನ್ನು ಮೇಜಿನ ಮುಂದೆ ಬೇರ್ಪಡಿಸಿ ಕೂರಿಸುವುದು ನಡೆಯದ ಮಾತಾಯಿತು. ಅಪರಿಚಿತರು ಒಂದೇ ಮೇಜಿನ ಎದುರುಬದುರು ಕುಳಿತು ಹತ್ತು ನಿಮಿಷದಲ್ಲಿ ತಿಂದು ಏಳುವುದನ್ನು ಆ ಊರಿಗೆ ರೂಢಿ ಮಾಡಿಸಿದವರಲ್ಲಿ ನಮ್ಮ ಹೋಟೆಲಿನವರೂ ಇದ್ದಾರೆ.

ಆ ಹತ್ತು ನಿಮಿಷದ ಹಿಂದೆ ಇದ್ದವರು ನನ್ನ ಹುಡುಗರು. ಬೆಳಗಿನ ಜಾವ ನಾಲ್ಕಕ್ಕೆ ಏಳುವುದು, ಹಾಲು ಇಳಿಸುವುದು, ರುಬ್ಬುವ ಕಲ್ಲು ತೊಳೆಯುವುದು. ಊರಿನಿಂದ ಬಂದವನಿಗೆ ಮೊದಲು ಕಪ್ಪುಬಸಿ ತೊಳೆಯುವ ಕೆಲಸ, ಆಮೇಲೆ ಮೇಜು ಒರೆಸುವುದು, ಆಮೇಲೆ ಮಾಣಿ. ಅದೃಷ್ಟವಿದ್ದರೆ ಗಲ್ಲಾದ ಮೇಲೆ ಕೂರುವ ಯೋಗ. ಸಂಜೆಯ ಗಿರಾಕಿಗಳು ಕರಗಿದ ಮೇಲೆ ಧನಿಗಳು ಮನಸ್ಸು ಮಾಡಿದರೆ ಎರಡೂವರೆ ಗಂಟೆ ರಾತ್ರಿ ಶಾಲೆ. ಹಿಂತಿರುಗಿ ಹೋಗಿ, ಹೋಟೆಲು ಮುಚ್ಚಿದ ಮೇಲೆ ಮೇಜುಗಳನ್ನು ಜೋಡಿಸಿ ಅದರ ಮೇಲೆ ನಿದ್ರೆ. ಕನ್ನಡಿಗರು, ತುಳುವರು ಕಟ್ಟಿದ ಸಂಘಗಳು ಇಂತಹ ಶಾಲೆಗಳನ್ನು ನಡೆಸಿದವು. ಹೀಗೆ ಓದಿ ವಕೀಲರಾದವರು, ಬ್ಯಾಂಕಿನ ಅಧಿಕಾರಿಗಳಾದವರು, ಹೋಟೆಲುಗಳ ಒಡೆಯರಾದವರು ಇದ್ದಾರೆ. ಸಮಾರಂಭಗಳಲ್ಲಿ ನಾನೂ ಈ ಕಥೆಯನ್ನು ಅನೇಕ ಸಲ ಹೆಮ್ಮೆಯಿಂದ ಹೇಳಿದ್ದೇನೆ.

ಹೇಳದೆ ಬಿಟ್ಟದ್ದು ಒಂದಿದೆ. ಕೆಲಸಕ್ಕೆ ಸೇರಿದ ಎರಡನೆಯ ವರ್ಷ ತರಗತಿಯಲ್ಲಿ ಹುಡುಗನೊಬ್ಬ ದಿನವೂ ನಿದ್ರಿಸುತ್ತಿದ್ದ. ಹನ್ನೊಂದೋ ಹನ್ನೆರಡೋ ವಯಸ್ಸು. ಒಂದು ರಾತ್ರಿ ಬೆತ್ತದಿಂದ ಅಂಗೈಗೆ ಹೊಡೆದೆ. ಕೈಯೊಡ್ಡಿದಾಗ ಬೆರಳುಗಳ ಸಂದಿಯಲ್ಲಿ ಚರ್ಮ ಬಿಳಿಚಿ ಸುಲಿದಿದ್ದುದು ಕಂಡಿತು, ದಿನವಿಡೀ ಸೋಡಾ ನೀರಿನಲ್ಲಿ ಪಾತ್ರೆ ತೊಳೆಯುವವರಿಗೆ ಆಗುವ ಹುಣ್ಣು. ಕಂಡ ಮೇಲೂ ಎರಡನೆಯ ಪೆಟ್ಟು ಬಿದ್ದಿತ್ತು. ಅವನು ಅಳಲಿಲ್ಲ. ಮರುದಿನದಿಂದ ಶಾಲೆಗೆ ಬರಲೂ ಇಲ್ಲ. ಅವನು ದುಡಿಯುತ್ತಿದ್ದಲ್ಲಿಗೆ ಹೋಗಿ ವಿಚಾರಿಸಲು ನನಗೆ ಎರಡು ವಾರ ಬೇಕಾಯಿತು; ಅಷ್ಟರಲ್ಲಿ ಬೇರೆ ಹೋಟೆಲಿಗೆ ಹೋಗಿದ್ದ, ಎಲ್ಲಿಗೆಂದು ಯಾರಿಗೂ ತಿಳಿದಿರಲಿಲ್ಲ. ಆ ಬೆತ್ತವನ್ನು ನಾನು ಮತ್ತೆ ಹಿಡಿಯಲಿಲ್ಲ. ಆದರೆ ಹನ್ನೊಂದು ವರ್ಷದ ಹುಡುಗ ಹದಿನೈದು ಗಂಟೆ ದುಡಿದು ಶಾಲೆಗೆ ಏಕೆ ಬರಬೇಕು ಎಂಬ ಪ್ರಶ್ನೆಯನ್ನು ಆಗ ಕೇಳಿಕೊಳ್ಳಲೂ ಇಲ್ಲ. ಅವನಿಗೆ ಊಟವಿದೆ, ಅಕ್ಷರವೂ ಸಿಗುತ್ತಿದೆ, ಊರಿನಲ್ಲಿದ್ದರೆ ಎರಡೂ ಇರುತ್ತಿರಲಿಲ್ಲ ಎಂದು ನಾವೆಲ್ಲ ಸಮಾಧಾನಪಟ್ಟುಕೊಳ್ಳುತ್ತಿದ್ದೆವು. ಅದು ಸುಳ್ಳೂ ಅಲ್ಲ. ಸಾಕಾಗುವ ಉತ್ತರವೂ ಅಲ್ಲ.

1969ರ ಫೆಬ್ರವರಿಯಲ್ಲಿ ಗಡಿವಿವಾದದ ಹೆಸರಿನಲ್ಲಿ ಊರು ಹೊತ್ತಿ ಉರಿಯಿತು. ಅದಕ್ಕೆ ಎರಡು ಮೂರು ವರ್ಷ ಮೊದಲಿನಿಂದಲೇ ದ.ಭಾರತದವರು ಇಲ್ಲಿಯ ಕೆಲಸ ಕಸಿದರೆಂಬ ಕೂಗು ಎದ್ದಿತ್ತು, ನಮ್ಮ ಲುಂಗಿಯನ್ನು ಗೇಲಿ ಮಾಡುವ ಘೋಷಣೆಗಳು ಗೋಡೆಗಳ ಮೇಲೆ ಬಂದಿದ್ದವು. ಯಾರ ಹೆಸರನ್ನೂ ನಾನು ಎತ್ತುವುದಿಲ್ಲ. ನನ್ನ ಹುಡುಗರು ಮಲಗುತ್ತಿದ್ದ ಹೋಟೆಲುಗಳ ಗಾಜುಗಳು ಒಡೆದವು, ಶಾಲೆ ಕೆಲವು ದಿನ ಮುಚ್ಚಿತು. ಮತ್ತೆ ತೆರೆದ ದಿನ ಪಾಠ ಮಾಡುವ ಮನಸ್ಸಿಲ್ಲದೆ 'ನಮ್ಮ ಊರು' ಎಂಬ ಪ್ರಬಂಧ ಬರೆಯಲು ಹೇಳಿದೆ. ಎಲ್ಲರೂ ಹೊಳೆ, ಗದ್ದೆ, ಕಂಬಳ ಎಂದು ಬರೆದರು. ಹುಬ್ಬಿನ ಮೇಲೆ ಗಾಜು ತಾಗಿ ಪಟ್ಟಿ ಕಟ್ಟಿಕೊಂಡಿದ್ದ ಒಬ್ಬ ಮಾತ್ರ ಒಂದೇ ಸಾಲು ಬರೆದಿದ್ದ: "ನಮ್ಮ ಊರು ಯಾವುದೆಂದು ಮಾಸ್ಟ್ರು ಹೇಳಿದರೆ ಬರೆಯುತ್ತೇನೆ." ಅದಕ್ಕೆ ಅಂಕ ಹಾಕದೆ ಪುಸ್ತಕ ಹಿಂದಿರುಗಿಸಿದೆ. ಅವನು ಕೆಲಸ ಮಾಡುತ್ತಿದ್ದ ಹೋಟೆಲಿನ ಬಾಗಿಲಲ್ಲಿ ಗಲಭೆಯ ಸಂಜೆ ಅಡ್ಡ ನಿಂತು ಗುಂಪನ್ನು ಹಿಂದಕ್ಕೆ ಕಳಿಸಿದವರು ದಿನವೂ ಅಲ್ಲಿ ತಿಂಡಿ ತಿನ್ನುತ್ತಿದ್ದ ಇಬ್ಬರು ಮರಾಠಿ ಗಿರಣಿ ಕಾರ್ಮಿಕರೆಂಬುದು ಅನಂತರ ತಿಳಿಯಿತು. ಎರಡೂ ನಡೆದದ್ದು ಒಂದೇ ಬೀದಿಯಲ್ಲಿ.

ದಾದರಿನ ನಿಲ್ದಾಣದ ಹೊರಗೆ ವಡಾಪಾವ್ ಮಾರಾಟ ಆರಂಭವಾದದ್ದೂ ಅದೇ ಸುಮಾರಿಗೆ, 1966ರಲ್ಲಿ, ಅಶೋಕ್ ವೈದ್ಯ ಎಂಬವರಿಂದ ಎಂದು ಪ್ರತೀತಿ. ಉಡುಪಿ ಹೋಟೆಲುಗಳಿಗೆ ಎದುರಾಗಿ ಅದನ್ನು ಬೆಳೆಸಿದರೆಂಬ ಮಾತೂ ಇದೆ. ಬಟಾಟೆಯನ್ನೂ ಪಾವನ್ನೂ ತಂದವರು ಪೋರ್ಚುಗೀಸರು, ಆದ್ದರಿಂದ ಅದರಲ್ಲಿ ಊರಿನವರಾರು ಹೊರಗಿನವರಾರು ಎಂದು ಕೇಳುವುದು ಕಷ್ಟ. ನಾನು ಬಹಳ ತಿಂದಿದ್ದೇನೆ, ನೀನೂ ತಿನ್ನು. ಬೆಳ್ಳುಳ್ಳಿ ಚಟ್ನಿ ಹೆಚ್ಚು ಹಾಕಿಸಿಕೊ. ನಮ್ಮವರೇನೂ ಸುಮ್ಮನಿರಲಿಲ್ಲ. ಪಾವ್‌ಭಾಜಿ, ಪಂಜಾಬಿ, ಚೀನಿ ಎಲ್ಲವನ್ನೂ ತಮ್ಮ ಅಡುಗೆಮನೆಗೆ ಎಳೆದುಕೊಂಡರು. 'ಮೈಸೂರು ಮಸಾಲೆ' ಎಂದು ಅಲ್ಲಿ ಕೊಡುವ ದೋಸೆಯನ್ನು ಮೈಸೂರಿನವರು ಗುರುತಿಸುತ್ತಾರೋ ಇಲ್ಲವೋ ನನಗೆ ಸಂಶಯ.

ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು. 1974ರ ಭೂಸುಧಾರಣೆಯಿಂದ ಕರಾವಳಿಯ ಗೇಣಿದಾರರಿಗೆ ಭೂಮಿ ದೊರೆಯಿತು, ಊರೂರಿಗೆ ಪ್ರೌಢಶಾಲೆ ಬಂದಿತು. 1986ರ ಬಾಲಕಾರ್ಮಿಕ ಕಾನೂನಿಗೆ 2006ರ ಅಕ್ಟೋಬರ್ 10ರಿಂದ ಹೋಟೆಲು ಮತ್ತು ಮನೆಗೆಲಸವೂ ಸೇರಿತು. ನಾನು ಪಾಠ ಹೇಳಿದ ಶಾಲೆಯಲ್ಲಿ ಈಗ ಮಕ್ಕಳಿಲ್ಲ. ಹಳೆಯ ವಿದ್ಯಾರ್ಥಿಗಳು ಇದನ್ನು ದುಃಖದಿಂದ ಹೇಳುತ್ತಾರೆ. ನನಗೆ ಹಾಗೆ ಅನಿಸುವುದಿಲ್ಲ. ಕೆಲಸಕ್ಕೆ ಈಗ ಬೇರೆ ರಾಜ್ಯಗಳ ಯುವಕರು ಬರುತ್ತಾರೆ. ಅವರಿಗೆ ರಾತ್ರಿ ಯಾರಾದರೂ ಏನಾದರೂ ಕಲಿಸುತ್ತಾರೆಯೇ ಎಂದು ಮಾತ್ರ ಒಮ್ಮೊಮ್ಮೆ ಯೋಚಿಸುತ್ತೇನೆ.

ಈಗ ನಿನ್ನ ಒಂದು ಪುಟ. ಮಳೆಗಾಲದಲ್ಲಿ ರೈಲು ನಿಂತರೆ ನಡೆದು ಮನೆ ಸೇರುವ ಸಾಹಸ ಮಾಡಬೇಡ. 2005ರ ಜುಲೈ 26ರಂದು ಒಂದೇ ದಿನ ಸಾಂತಾಕ್ರೂಜಿನಲ್ಲಿ 944 ಮಿಲಿಮೀಟರ್ ಮಳೆ ಸುರಿದ ಊರು ಅದು. ಇದ್ದಲ್ಲೇ ಇರು, ಯಾರಾದರೂ ಚಹಾ ಕೊಡುತ್ತಾರೆ. ಭಾನುವಾರ ಬೆಳಿಗ್ಗೆ ಮಾಟುಂಗಕ್ಕೆ ಹೋಗು. ಮಧ್ಯ ಮಾರ್ಗದ ಮಾಟುಂಗದಲ್ಲಿ ಇಳಿ, ಪಶ್ಚಿಮದ ಮಾಟುಂಗ ರೋಡಿನಲ್ಲಿ ಅಲ್ಲ. ಹೂವಿನ ಅಂಗಡಿಗಳ ಸಾಲು ದಾಟಿದರೆ ಫಿಲ್ಟರ್ ಕಾಫಿಯ ವಾಸನೆಯೇ ದಾರಿ ತೋರಿಸುತ್ತದೆ. ಸರದಿ ಉದ್ದವಿದ್ದರೂ ಬೇಗ ಮುಂದೆ ಹೋಗುತ್ತದೆ. ಎದುರಿಗೆ ಅಪರಿಚಿತರು ಬಂದು ಕುಳಿತರೆ ಸರಿದು ಜಾಗ ಕೊಡು, ತಿಂದ ಮೇಲೆ ಕೂತಿರಬೇಡ. ನೀರು ತಂದಿಟ್ಟವನ ಹೆಸರು ಕೇಳು. ಆ ಬೀದಿಯ ಗಲ್ಲಾಗಳಲ್ಲಿ ಒಂದರ ಹಿಂದೆ ಹುಬ್ಬಿನ ಮೇಲೆ ಹಳೆಯ ಗಾಯದ ಗೆರೆಯಿರುವ ಮುದುಕರೊಬ್ಬರು ಕುಳಿತಿರುತ್ತಾರೆ, ಬೆಳಗಿನ ಹೊತ್ತು ಮಾತ್ರ. ನೀನು ಯಾರ ಮೊಮ್ಮಗಳೆಂದು ಅವರಿಗೆ ಹೇಳಬೇಡ. ಹೇಳಿದರೆ ದುಡ್ಡು ತೆಗೆದುಕೊಳ್ಳುವುದಿಲ್ಲ.